ಲೋಟದೊಳಗಿನ ಕಲ್ಲು

ಮೇಲಿನ ಲೋಟದೊಳಗೆ ಒಂದು ಕಲ್ಲಿಡುತ್ತಿದ್ದೆ,
ಬೆಳ್ಳುಳ್ಳಿ ಗಡ್ಡೆಯಷ್ಟು, ತುನ್‌ಹುಯೆಲೋ ಹೊಳೆಯದ್ದು.
ಇಡದಿದ್ದರೆ ಬಸ್ಸೊಂದು ಹಾದ ಗಾಳಿಗೇ
ಇಪ್ಪತ್ತು ಕಾಗದದ ಲೋಟ
ಬೊಯಾಕಾ ರಸ್ತೆಯ ತುಂಬ ಚೆಲ್ಲಾಪಿಲ್ಲಿ.
ಆಯಲು ರಸ್ತೆಗಿಳಿದರೆ ಮತ್ತೆ ಹತ್ತುವುದು
ದೇವರಿಗೆ ಬಿಟ್ಟದ್ದು.

ನಾನು ನೂಬಿಯಾ. ತಳ್ಳುಗಾಡಿ, ಆರು ಥರ್ಮಾಸು,
ಸಕ್ಕರೆ ಹಾಕಿದ್ದು ನಾಲ್ಕು, ಹಾಕದ್ದು ಎರಡು.
ಹನ್ನೊಂದು ವರ್ಷದಿಂದ ಬೊಗೋಟಾದ ಈ ಮೂಲೆಯಲ್ಲಿ
ಕರೀಕಾಫಿ ಬಗ್ಗಿಸುತ್ತ ನಿಂತಿದ್ದೇನೆ.
ಗಡಿಯಾರ ಬೇಡ ನನಗೆ,
ಬೆಟ್ಟದ ಮಂಜು ಎಲ್ಲಿಯವರೆಗೆ ಎದ್ದಿದೆಯೆಂದು ನೋಡಿದರೆ ಸಾಕು.

ಆ ದಿನ ನಗರಸಭೆಯ ಎಲಿಯೇಸರ್ ಬಂದ,
ಏಣಿ ಹೆಗಲಿಗೆ, ಬಾಯಲ್ಲಿ ಎರಡು ಬೋಲ್ಟು.
ಅರವತ್ತನ್ನು ಬಿಚ್ಚಿ ಕಂಕುಳಿಗೆ ಸಿಕ್ಕಿಸಿ
ಐವತ್ತನ್ನು ಕಟ್ಟಿದ.
ಕಾಫಿ ಕುಡಿದ. ಚಿಲ್ಲರೆ ಬೇಡವೆಂದ.
ಅಷ್ಟೇ. ಬ್ಯಾಂಡಿಲ್ಲ, ಭಾಷಣವಿಲ್ಲ.

ಬೈಗುಳ ಮಾತ್ರ ಧಾರಾಳ.
ಬಸ್ಸಿನ ಯೆರ್ಸನ್ ಕಿಟಕಿಯಿಂದಲೇ ಕೂಗಿದ:
"ನಾಲ್ಕು ನಿಮಿಷ, ಸೆನ್ಯೋರಾ! ಒಂದು ಸುತ್ತಿಗೆ ನಾಲ್ಕು ನಿಮಿಷ ತಿಂದರು!"
ತಿಂದ ನಿಮಿಷ ಎಲ್ಲಿ ಹೋಯಿತೋ ನಾನು ಕಂಡಿಲ್ಲ.
ಕೆಂಪು ದೀಪಕ್ಕೆ ಅವನು ಮೊದಲೂ ಇಲ್ಲೇ ನಿಲ್ಲುತ್ತಿದ್ದ,
ಈಗಲೂ ಇಲ್ಲೇ ನಿಲ್ಲುತ್ತಾನೆ.
ಮೊದಲು ಬ್ರೇಕು ಕಿರುಚುತ್ತಿತ್ತು.

ವಾರ ಕಳೆದ ಮೇಲೆ ಯಾರೋ ಪುಂಡರು
ಕರೀ ಪೆನ್ನಿನಲ್ಲಿ ಐದರ ಬಾಯಿ ಮುಚ್ಚಿ ಆರು ಮಾಡಿದ್ದರು.
ಎಲಿಯೇಸರ್ ಮತ್ತೆ ಬಂದ, ಎಣ್ಣೆಬಟ್ಟೆಯಲ್ಲಿ ಒರೆಸಿದ.
ಮತ್ತೆ ಆರು. ಮತ್ತೆ ಐದು.
ಮೂರನೇ ಸಲ ಬಯ್ಯಲೂ ಇಲ್ಲ,
ಹೆಂಡತಿಯ ಮಂಡಿನೋವಿನ ಮಾತಾಡುತ್ತ ಒರೆಸಿದ.

ರಾತ್ರಿ ಎರಡಕ್ಕೆ ಈಗಲೂ ಹಾರುತ್ತಾರಂತೆ, ಹಾರುವವರು.
ಆಗ ನಾನು ಮಲಗಿರುತ್ತೇನೆ. ಹಗಲಿಗಷ್ಟೇ ನಾನು ಸಾಕ್ಷಿ:

ಬಸ್ಸಿನೊಳಗೆ ಮುಖಗಳಿವೆ.
ಇಷ್ಟು ವರ್ಷ ಅದೊಂದು ಕೆಂಪು ಗೀಟಾಗಿತ್ತು.
ಈಗ ಆಕಳಿಸುವವನು ಕಾಣುತ್ತಾನೆ,
ಗಾಜನ್ನೇ ಕನ್ನಡಿ ಮಾಡಿ ಹುಬ್ಬು ತೀಡುವ ಹುಡುಗಿ,
ಮಡಿಲಲ್ಲಿ ಕೇಕಿನ ಡಬ್ಬಿ ಹಿಡಿದು
ಉಸಿರೂ ಬಿಡದೆ ಕೂತ ಅಪ್ಪ.

ಅಲ್ಲಿ, ಎರಡನೇ ಸಾಲಿನಲ್ಲಿ, ಒಂದು ನಕ್ಷತ್ರವಿದೆ.
ರಸ್ತೆಯಲ್ಲಿ ಸತ್ತವರಿಗೆ ಡಾಂಬರಿನ ಮೇಲೆ ಬರೆದದ್ದು.
ಅದು ದುವಾನ್‌ನದು. ಸೈಕಲ್ಲಿನಲ್ಲಿ ಬ್ರೆಡ್ಡು ಹಂಚುತ್ತಿದ್ದ.
ಅವನಿಗೆ ಕೊಡಬೇಕಾದ ಇನ್ನೂರು ಪೆಸೊ
ನನ್ನಲ್ಲೇ ಉಳಿದಿದೆ.
ಟೈರು ಉಜ್ಜಿ ಉಜ್ಜಿ ನಕ್ಷತ್ರದ ಐದು ಮೂಲೆಯಲ್ಲಿ
ಮೂರು ಉಳಿದಿವೆ.

ಅವನ ತಾಯಿ ಯೂಫೇಮಿಯಾ ಇತ್ತ ಸುಳಿಯುತ್ತಿರಲಿಲ್ಲ,
ಔಷಧಿ ಅಂಗಡಿಗೂ ಮೂರು ಬೀದಿ ಸುತ್ತಿಹೋಗುತ್ತಿದ್ದಳು.
ಗುರುವಾರ ಬಂದಳು. ಸಕ್ಕರೆ ಇಲ್ಲದ್ದು ಕೇಳಿದಳು.
ಒಂದು ಗುಟುಕು ಇಳಿದ ಮೇಲೆ
ಫಲಕದ ಕಡೆ ಗದ್ದ ಎತ್ತಿ,
"ಎಷ್ಟಿತ್ತು ಮೊದಲು?"
"ಅರವತ್ತು."
"ಈಗ?"
"ಐವತ್ತು."
ಬೆರಳು ಮಡಿಸಲಿಲ್ಲ ಅವಳು. ಅಷ್ಟು ಲೆಕ್ಕ ಯಾರಿಗೂ ಬರುತ್ತದೆ.
"ಹತ್ತೇನಾ?" ಅಂದಳು.
"ಬರೀ ಹತ್ತೇನಾ, ನೂಬಿಯಾ?"

ಹತ್ತೆಂದರೆ ಏನೆಂದು ಎಲಿಯೇಸರ್ ಒಮ್ಮೆ ಹೇಳಿದ್ದ,
ಏಣಿಯನ್ನು ನೆಲಕ್ಕೆ ಹಾಸಿ ತೋರಿಸಿದ್ದ:
ಎರಡು ಏಣಿಯಷ್ಟು ಮೊದಲೇ ನಿಲ್ಲುತ್ತದೆ ಗಾಡಿ.
ಬಾಯಿಗೆ ಬಂತು. ನುಂಗಿಕೊಂಡೆ.
ಎರಡು ಏಣಿಯಾಚೆ ನಿನ್ನ ಮಗನಿದ್ದನೆಂದು
ತಾಯಿಗೆ ಯಾವ ನಾಲಿಗೆಯಿಂದ ಹೇಳಲಿ?

ಕಾಫಿ ಆರಿತು. ಬಸ್ಸೊಂದು ಬಂತು, ಹೋಯಿತು.
ಅವಳ ತಲೆವಸ್ತ್ರ ಅಲುಗಿತು, ಹಾರಲಿಲ್ಲ.
ಆಗ ನೋಡಿದೆ, ಲೋಟಗಳ ಮೇಲೆ ಕಲ್ಲಿಲ್ಲ.
ಎಂದಿನಿಂದ ಇಡುವುದು ಮರೆತಿದ್ದೆನೋ,
ಏಪ್ರನ್ನಿನ ಜೇಬಿನ ತಳದಲ್ಲಿ
ಚಿಲ್ಲರೆಯ ಜೊತೆ ಬೆಚ್ಚಗೆ ಬಿದ್ದಿತ್ತು.

ದುಡ್ಡು ಕೊಡಲು ಬಂದಳು. ಬೇಡವೆಂದೆ,
ನಿನ್ನದೇ ಇನ್ನೂರು ಪೆಸೊ ನನ್ನಲ್ಲಿದೆ.
ಯಾವುದರದು ಎಂದು ಕೇಳಲಿಲ್ಲ.
ಬಿಳಿಪಟ್ಟೆಯವರೆಗೆ ಹೋಗಿ ನಿಂತಳು. ಹಸಿರು ಗೊಂಬೆ ಹತ್ತಿತು.
ಯೆರ್ಸನ್ ನಿಲ್ಲಿಸಿದ್ದ, ಹಾರ್ನಿನ ಮೇಲೆ ಕೈಯಿಟ್ಟು,
ಒತ್ತದೆ.
ಅವಳು ನಡೆದಳು. ಮೂರು ಮೂಲೆಯ ನಕ್ಷತ್ರದ ಬಳಿ ಬಂದಾಗ
ಹೆಜ್ಜೆ ಪಕ್ಕಕ್ಕೆ ತಿರುಗಿಸಿದಳು,
ಮಲಗಿದ ಮಗುವನ್ನು ದಾಟಬಾರದೆಂದು
ಬಳಸಿ ಹೋಗುವಂತೆ.